ಕಿವುಡ ವ್ಯಕ್ತಿ: ಎರಡು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಮೂಗಿ ಅಂತಲೇ ಕರೆಯುತ್ತಿದ್ದರು. ಕರೆದರೆ ಅವಳಿಗೆ ಕೇಳುವುದಿಲ್ಲ ಅಂತ ಗೊತ್ತಿದ್ದೂ ಕರೆಯುತ್ತಿದ್ದರು. ನಿಜವಾಗಿ ಬೇಕಾದಾಗ ಒದ್ದೆ ಬಟ್ಟೆಯೊಂದನ್ನು ಮುದ್ದೆ ಮಾಡಿ ಬೆನ್ನಿಗೆ ಎಸೆಯುತ್ತಿದ್ದರು. ಅವಳು ತಿರುಗುತ್ತಿದ್ದಳು. ಹದಿನೇಳು ವರ್ಷ ಹೀಗೇ ತಿರುಗಿದ್ದಳು.

ವಿಶ್ವವಿದ್ಯಾಲಯದ ಹಾಸ್ಟೆಲಿನ ನೆಲಮಾಳಿಗೆಯಲ್ಲಿತ್ತು ಆ ಲಾಂಡ್ರಿ. ಒಂದು ಕಡೆ ಒಗೆಯುವ ತೊಟ್ಟಿಗಳು, ಇನ್ನೊಂದು ಕಡೆ ಇಸ್ತ್ರಿ ಮೇಜುಗಳು. ಅವಳದು ಇಸ್ತ್ರಿ. ಬೆಳಿಗ್ಗೆ ಎಂಟಕ್ಕೆ ನಿಂತರೆ ಸಂಜೆ ಐದರವರೆಗೂ ನಿಂತೇ ಇರಬೇಕು. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಅಡುಗೆಯವರ ಏಪ್ರನ್, ಮೇಷ್ಟ್ರುಗಳ ಅಂಗಿ. ವರ್ಷಕ್ಕೊಮ್ಮೆ ಪದವಿ ಪ್ರದಾನದ ಕರಿ ಗೌನುಗಳು, ಐನೂರು ಆರುನೂರು. ಬಲಭುಜ ಮರಗಟ್ಟಿಹೋಗಿತ್ತು. ಎಡ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ತಗುಲಿದ ಕಲೆ, ಬೆರಳುದ್ದ. ಸುಟ್ಟ ದಿನ ಅವಳು ಕಿರುಚಿದ್ದಳಂತೆ. ಆ ಕಿರುಚಾಟವನ್ನು ಅಣಕಿಸಿ ತೋರಿಸಿ ಸೂಪರ್‌ವೈಸರ್ ವಾರಗಟ್ಟಲೆ ಎಲ್ಲರನ್ನೂ ನಗಿಸಿದ್ದ. ಅವಳಿಗೆ ಕಂಡಿದ್ದು ಅವನ ತೆರೆದ ಬಾಯಿ, ಸುತ್ತಲಿದ್ದವರ ಕುಲುಕುವ ಹೊಟ್ಟೆ.

ಅವಳ ಗಂಡ ಅಲ್ಲೇ ಬಡಗಿ. ಅವನಿಗೂ ಕಿವಿ ಕೇಳದು. ಹಾಸ್ಟೆಲಿನ ಮುರಿದ ಮಂಚ, ಕುರ್ಚಿ, ಬಾಗಿಲು ಎಲ್ಲ ಅವನ ಪಾಲಿನವು. ಮಧ್ಯಾಹ್ನ ಊಟಕ್ಕೆ ಕೆಳಗಿಳಿದು ಬರುತ್ತಿದ್ದ. ಇಬ್ಬರೂ ಇಸ್ತ್ರಿ ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೈಯಲ್ಲೇ ಜಗಳ ಆಡುತ್ತ ಉಣ್ಣುತ್ತಿದ್ದರು. ತುತ್ತು ಎತ್ತಿದರೆ ಮಾತು ನಿಲ್ಲುತ್ತಿತ್ತು, ಮಾತು ಎತ್ತಿದರೆ ತುತ್ತು. ಹಾಗಾಗಿ ಅವರ ಊಟ ಬೇಗ ಮುಗಿದ ದಿನವೇ ಇಲ್ಲ.

ಅಂಥ ಒಂದು ಮಧ್ಯಾಹ್ನ, ಕನ್ನಡಕದ ಹುಡುಗಿಯೊಬ್ಬಳು ಸುಕ್ಕಾದ ಕೋಟು ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಮೊದಲ ವರ್ಷದ ವಿದ್ಯಾರ್ಥಿನಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೋಟು ಕೊಡುವುದು ಬಿಟ್ಟು ಅವರ ಜಗಳ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, ಬಡಗಿಯ ಕಡೆ ಬೆರಳು ತೋರಿಸಿ, ಎರಡೂ ಅಂಗೈ ಬಿಚ್ಚಿ, ಹುಬ್ಬು ಮೇಲೆತ್ತಿದಳು. ಏನಂತಾನೆ ಇವನು?

ಹದಿನೇಳು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ.

ಹುಡುಗಿ ದಿನಾ ಬರತೊಡಗಿದಳು. ಬಟ್ಟೆಯ ಗಂಟುಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಒಂದೊಂದಾಗಿ ಕೈಮಾತು ಕಲಿತಳು. ನೀರು, ಬಿಸಿ, ಸುಟ್ಟಿತು, ಸಾಕು, ನಾಳೆ. ಸರಿಯಾಗಿ ಕಲಿತ ಮೊದಲ ಮಾತು ಮಾತ್ರ ಪೆದ್ದ. ಅದನ್ನು ಸೂಪರ್‌ವೈಸರ್ ಮುಖದೆದುರೇ ಮಾಡಿ ತೋರಿಸಿದಳು. ಅವನು ನಮಸ್ಕಾರ ಇರಬೇಕು ಅಂದುಕೊಂಡು ತಲೆಯಾಡಿಸಿದ. ಇವಳೂ ಬಡಗಿಯೂ ಗೋಡೆಗೆ ಮುಖ ಮಾಡಿ ನಕ್ಕಿದ್ದೇ ನಕ್ಕಿದ್ದು. ಹುಡುಗಿ ಮಾತಿಗೊಮ್ಮೆ ಕನ್ನಡಕ ಮೇಲೆ ತಳ್ಳುತ್ತಿದ್ದಳು. ಅದನ್ನೇ ಅವಳ ಹೆಸರು ಮಾಡಿದರು. ಮೂಗಿನ ಮೇಲೆ ಎರಡು ಬೆರಳು, ಮೇಲಕ್ಕೊಂದು ತಳ್ಳು. ಹುಡುಗಿ ಇವಳನ್ನು ಅಕ್ಕಾ ಅನ್ನುತ್ತಿದ್ದಳು.

ಇವಳಿಗೂ ಒಬ್ಬಳು ಅಕ್ಕ ಇದ್ದಳು. ಅವಳೂ ಕಿವುಡಿ. ಮನೆಯಲ್ಲಿ ಯಾರೂ ಕಲಿಸದೆ ಇಬ್ಬರೇ ಕೂತು ಕೈಮಾತು ಕಟ್ಟಿಕೊಂಡಿದ್ದರು. ಕಿವುಡ ಮಕ್ಕಳ ಶಾಲೆಗೆ ಸೇರಿಸಿದಾಗ ಅಲ್ಲಿ ಕೈ ಆಡಿಸಿದರೆ ಗೆಣ್ಣಿನ ಮೇಲೆ ಮರದ ಸ್ಕೇಲು. ಬಾಯಿ ಆಡಿಸಬೇಕು, ಬಾಯಿ ನೋಡಿ ತಿಳಿಯಬೇಕು. ಇಬ್ಬರೂ ರಾತ್ರಿ ಹೊದಿಕೆಯೊಳಗೆ ಒಬ್ಬರ ಅಂಗೈಯಲ್ಲಿ ಒಬ್ಬರು ಮಾತಾಡಿ ಬೆಳೆದರು. ಅಕ್ಕ ಇಪ್ಪತ್ತಾರು ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಸತ್ತಳು. ಅದು ಹೇಗೆ ಅನ್ನುವುದನ್ನು ಇವಳು ಹುಡುಗಿಗೆ ಹೇಳಿದ್ದು ನಾಲ್ಕು ವರ್ಷ ಕಳೆದ ಮೇಲೆ, ಹುಡುಗಿಗೆ ಅಷ್ಟು ದೊಡ್ಡ ಮಾತು ತಿಳಿಯುವಷ್ಟು ಕೈ ಬಂದ ಮೇಲೆ.

ಹುಡುಗಿ ಓದು ಮುಗಿಸಿ ಅದೇ ವಿಶ್ವವಿದ್ಯಾಲಯದಲ್ಲಿ ಮೇಡಂ ಆದಳು. ಮೊದಲು ಮಾಡಿದ ಕೆಲಸ, ಸನ್ನೆಭಾಷೆಯದೊಂದು ಸಣ್ಣ ಕೋರ್ಸು ಶುರುಮಾಡಿಸಿದ್ದು. ಹನ್ನೆರಡೇ ಜನ ವಿದ್ಯಾರ್ಥಿಗಳು. ಪಾಠಕ್ಕೆ ಪುಸ್ತಕ ಇರಲಿಲ್ಲ.

"ಅಕ್ಕಾ, ನಿಮ್ಮ ಕೈ ಬೇಕು," ಅಂದಳು.

ಎರಡು ವರ್ಷ, ಐದು ಗಂಟೆಗೆ ಇಸ್ತ್ರಿ ಆರಿಸಿ, ಮುಖ ತೊಳೆದುಕೊಂಡು, ಇವಳು ಮೂರನೇ ಮಹಡಿ ಹತ್ತಿದಳು. ಕ್ಯಾಮೆರಾ ಮುಂದೆ ನಿಂತಳು. ದಿನವಿಡೀ ನಿಂತ ಕಾಲು ಮತ್ತೆ ನಿಂತವು. ಒಂದೊಂದು ಮಾತನ್ನೂ ಎದುರಿಂದ, ಪಕ್ಕದಿಂದ, ಮೆಲ್ಲಗೆ, ಬೇಗ. ಸಾವಿರದ ಇನ್ನೂರು ಮಾತು. ಅದರಲ್ಲಿ ಅರ್ಧ ಅಕ್ಕನವು.

"ಇದಕ್ಕೆ ನಿಮಗೇನು ಕೊಡಬೇಕು ಅಕ್ಕಾ?" ಅಂತ ಹುಡುಗಿ ಒಂದು ದಿನ ಕೇಳಿದಳು.

"ಆಸ್ಪತ್ರೆಗೊಬ್ಬರನ್ನ ಕೊಡು. ಕೈಮಾತು ಬಲ್ಲೋರನ್ನ. ಅಷ್ಟು ಸಾಕು."

ಹುಡುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಕೊಡ್ತೀನಿ ಅಂದಳು.

ಆಮೇಲೆ ಸುದ್ದಿ ಬಂತು. ಕೋರ್ಸು ದೊಡ್ಡದಾಗುತ್ತದಂತೆ. ಒಂದು ಇದ್ದದ್ದು ಐದು ಆಗುತ್ತದಂತೆ. ಸರ್ಟಿಫಿಕೇಟು, ಡಿಪ್ಲೊಮಾ, ಪದವಿ, ಆಸ್ಪತ್ರೆ-ಕೋರ್ಟುಗಳಿಗೆ ದುಭಾಷಿಗಳನ್ನು ತಯಾರು ಮಾಡುವ ತರಬೇತಿ, ಕಿವುಡರ ಬದುಕು ಮತ್ತು ಚರಿತ್ರೆಯ ಅಧ್ಯಯನ ಅಂತ ಇನ್ನೊಂದು. ಹೊಸ ವಿಭಾಗ, ಹೊಸ ಕೋಣೆಗಳು, ನಾಲ್ಕು ಜನ ಹೊಸ ಬೋಧಕರು. ಗೇಟಿನಿಂದ ಗ್ರಂಥಾಲಯದವರೆಗೆ ಪೋಸ್ಟರು ಹಚ್ಚಿದರು. ಪೋಸ್ಟರಿನಲ್ಲಿ ಎರಡು ಕೈಗಳ ದೊಡ್ಡ ಚಿತ್ರ.

ಬಡಗಿಯೇ ಮೊದಲು ನೋಡಿದ್ದು. ಓಡಿ ಬಂದು ಅವಳನ್ನು ಎಳಕೊಂಡು ಹೋಗಿ ನಿಲ್ಲಿಸಿದ.

"ನಿನ್ನ ಕೈ!"

ಹೌದು, ಅವಳದೇ. ಆ ಸೊಟ್ಟ ಕಿರುಬೆರಳು ಇನ್ನಾರದು? ಆದರೆ ಮಣಿಕಟ್ಟಿನಿಂದ ಮೇಲೆ ಅವಳಿರಲಿಲ್ಲ. ಮುಖ ಕತ್ತರಿಸಿದ್ದರು. ಸುಟ್ಟ ಕಲೆಯನ್ನೂ ಅಳಿಸಿದ್ದರು. ಕೈ ನುಣ್ಣಗೆ, ಬೆಳ್ಳಗೆ, ಒಂದು ದಿನವೂ ದುಡಿಯದವರ ಕೈ ಹಾಗಿತ್ತು. ಅವಳು ತನ್ನ ಕೈ ಎತ್ತಿ ಪಕ್ಕದಲ್ಲಿ ಹಿಡಿದು ನೋಡಿದಳು. ದಾರಿಹೋಕರು ಇವಳಿಗೇನೋ ಹುಚ್ಚು ಅಂದುಕೊಂಡು ಸರಿದು ಹೋದರು.

"ಬೋಧಕರ ಕೆಲಸಕ್ಕೆ ನಾನೂ ಅರ್ಜಿ ಹಾಕ್ತೀನಿ," ಅಂದಳು ಹುಡುಗಿಗೆ.

ಹುಡುಗಿ ಕನ್ನಡಕ ಮೇಲೆ ತಳ್ಳಿದಳು. "ಪದವಿ ಇರಬೇಕು ಅಂತ ನಿಯಮ ಇದೆ ಅಕ್ಕಾ. ಆದ್ರೆ ಭಾಷೆ ಚೆನ್ನಾಗಿ ಬಲ್ಲೋರಿಗೆ ಒಂದು ಪರೀಕ್ಷೆ ಇಟ್ಟಿದಾರೆ. ಅದರಲ್ಲಿ ಪಾಸಾದ್ರೆ ಆಗುತ್ತೆ. ನೀವು ಪಾಸಾಗದೇ ಇನ್ಯಾರು ಆಗ್ತಾರೆ?"

ಪರೀಕ್ಷೆಯ ದಿನ ಅವಳು ತನ್ನ ಸೀರೆಗೆ ತಾನೇ ಇಸ್ತ್ರಿ ಹಾಕಿಕೊಂಡಳು. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಕೋಣೆಯಲ್ಲಿ ಮೂವರು ಕೂತಿದ್ದರು. ವಿಭಾಗದ ಮುಖ್ಯಸ್ಥರು, ಹೊರಗಿನಿಂದ ಬಂದ ಒಬ್ಬ ಪರೀಕ್ಷಕರು, ತುದಿಯಲ್ಲಿ ಹುಡುಗಿ. ಪರದೆಯ ಮೇಲೆ ಒಂದೊಂದೇ ಪದ ಬರುತ್ತಿತ್ತು. ಅವಳು ಅದನ್ನು ಕೈಯಲ್ಲಿ ಹೇಳಬೇಕು. ಪರೀಕ್ಷಕರು ಹೊಸ ಪುಸ್ತಕ ಬಿಚ್ಚಿಕೊಂಡು ಹೋಲಿಸಿ ನೋಡುತ್ತಿದ್ದರು. ಅವಳ ಕೈಗಳಿಂದಲೇ ತೆಗೆದ ಪುಸ್ತಕ ಅದು. ಆಮೇಲೆ ಯಾರೋ ಕೂತು ತಿದ್ದಿದ್ದರು. ಚೆಲುವಾಗಲಿ ಅಂತ ತಿದ್ದಿದ್ದರು.

ನೋವು ಅಂತ ಬಂತು.

ಅವಳು ಮುಷ್ಟಿ ಕಟ್ಟಿ ಹೊಟ್ಟೆಯ ಬಲಮಗ್ಗುಲಿಗೆ ಒತ್ತಿ, ಮೆಲ್ಲಗೆ ಬಿಚ್ಚಿ, ಮತ್ತೆ ಬಿಗಿ ಮಾಡಿದಳು. ಪರೀಕ್ಷಕರು ತಲೆ ಅಡ್ಡ ಆಡಿಸಿದರು. ಪುಸ್ತಕದಲ್ಲಿ ಬೇರೆ ಇತ್ತು. ಎದೆಯೆದುರು ಎರಡು ತೋರುಬೆರಳು ಎದುರುಬದುರು ಹಿಡಿದು ತಿರುಚಬೇಕು. ಎಲ್ಲರಿಗೂ ಒಂದೇ ನೋವು.

"ಇದು ಯಾರ ನೋವು?" ಅಂತ ಕೇಳಿದಳು. "ನೋವು ಎಲ್ಲಿದೆ ಅಂತ ತೋರಿಸದೆ ನೋವು ಅಂತ ಹೇಗೆ ಹೇಳೋದು? ತಲೇಲಿದ್ರೆ ತಲೆ ಮೇಲೆ ಇಡ್ತೀವಿ. ಕಾಲಲ್ಲಿದ್ರೆ ಕಾಲ ಮೇಲೆ."

ಮುಖ್ಯಸ್ಥರು ಹುಡುಗಿಯ ಕಡೆ ನೋಡಿದರು. ಹುಡುಗಿ ಬಾಯಲ್ಲಿ ಏನೋ ಚಿಕ್ಕದಾಗಿ ಹೇಳಿದಳು. ಮುಂದಿನ ಪದ ಬಂತು.

ಐವತ್ತು ಪದಗಳಲ್ಲಿ ಇಪ್ಪತ್ತೊಂದು ತಪ್ಪು. ಕೊನೆಗೆ ಬಾಯಿಮಾತಿನ ಸಂದರ್ಶನ. ಮುಖ್ಯಸ್ಥರು ಕಾಗದದಿಂದ ಕಣ್ಣೆತ್ತದೆ ಪ್ರಶ್ನೆ ಓದಿದರು. ತುಟಿ ಕಾಣಲಿಲ್ಲ. ಮೀಸೆ ಅಲ್ಲಾಡಿದ್ದಷ್ಟೇ ಕಂಡಿತು. ಮಾತಾಡಲು ಬಾರದು ಅಂತ ಅದಕ್ಕೂ ಸೊನ್ನೆ.

ತನ್ನ ಭಾಷೆಯಲ್ಲಿ ತಾನೇ ನಪಾಸಾಗಿ ಅವಳು ಮೆಟ್ಟಿಲಿಳಿದಳು. ಹುಡುಗಿ ಹಿಂದೆಯೇ ಓಡಿ ಬಂದು ತೋಳು ಹಿಡಿದಳು.

"ಕೋಪ ಮಾಡ್ಕೋಬೇಡಿ ಅಕ್ಕಾ. ನಾನೊಬ್ಬಳೇ ಏನು ಮಾಡ್ಲಿ ಅಲ್ಲಿ? ವಿಭಾಗ ಒಂದು ಸಲ ನಿಂತುಕೊಳ್ಳಲಿ. ಆಮೇಲೆ ನಿಯಮ ಬದಲಾಯಿಸಬಹುದು. ಅಲ್ಲೀವರೆಗೆ ನೀವೂ ಭಾವನೂ ತರಗತಿಗೆ ಬನ್ನಿ, ಮಕ್ಕಳಿಗೆ ಅಭ್ಯಾಸ ಆಗ್ಬೇಕಲ್ಲ. ನೀವಿಲ್ಲದೆ ಆಗಲ್ಲ."

"ಆಸ್ಪತ್ರೆಗೊಬ್ಬರು," ಅಂದಳು ಇವಳು.

"ಹೌದು ಅಕ್ಕಾ, ಅದಕ್ಕೇ."

ಹೋದರು. ವಾರಕ್ಕೆ ಮೂರು ದಿನ ಇವಳು ಇಸ್ತ್ರಿ ಬಿಟ್ಟು, ಬಡಗಿ ಗರಗಸ ಬಿಟ್ಟು, ಹೊಸ ಕೋಣೆಯ ಗೋಡೆ ಪಕ್ಕ ನಿಲ್ಲುತ್ತಿದ್ದರು. ಹೊಸ ಬೋಧಕರು ನಾಲ್ವರೂ ಕಿವಿ ಕೇಳುವವರೇ. ಅವರು ಪಾಠ ಮಾಡುವರು, ಬೆರಳು ತೋರಿಸಿ ಕರೆಯುವರು, ಇವರು ಮುಂದೆ ಬಂದು ಮಾಡಿ ತೋರಿಸುವರು. ಮುಗಿದ ಮೇಲೆ ಮತ್ತೆ ಗೋಡೆ ಪಕ್ಕ. ನಲವತ್ತು ಕುರ್ಚಿಗಳಲ್ಲಿ ಹತ್ತು ಖಾಲಿ ಇರುತ್ತಿದ್ದವು. ಕೂತುಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ವಿದ್ಯಾರ್ಥಿಗಳು ಒಳ್ಳೆಯ ಮಕ್ಕಳೇ. ತರಗತಿ ಮುಗಿದದ್ದೇ ಬಾಯಲ್ಲಿ ಮಾತಾಡುತ್ತ, ನಗುತ್ತ ಹೊರಟುಬಿಡುತ್ತಿದ್ದರು. ಇವರಿಬ್ಬರೂ ಅವರ ನಡುವೆ ಕಂಬಗಳ ಹಾಗೆ ನಿಂತಿರುತ್ತಿದ್ದರು.

ಒಂದು ದಿನ ಬಡಗಿ ಆ ಕೋಣೆಯ ಬಾಗಿಲಿನ ಕೀಲು ಸರಿಮಾಡುತ್ತಿದ್ದ. ಬಾಗಿಲ ಹಿಂಬದಿಗೆ ಒಂದು ಕಾಗದ ಅಂಟಿಸಿತ್ತು. ಅವನು ಅದನ್ನು ಎರಡು ಸಲ ಓದಿ, ಉಳಿ ಕೆಳಗಿಟ್ಟು, ಹೆಂಡತಿಯನ್ನು ಕರೆದ.

ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಕೊಠಡಿಯ ಸಾಮಗ್ರಿಗಳ ಪಟ್ಟಿ. ಪರದೆ: ಒಂದು. ಕ್ಯಾಮೆರಾ: ಎರಡು. ಕುರ್ಚಿ: ನಲವತ್ತು. ಬಿಳಿ ಹಲಗೆ: ಒಂದು. ಕಿವುಡ ವ್ಯಕ್ತಿ: ಎರಡು. ಫ್ಯಾನು: ನಾಲ್ಕು.

"ಫ್ಯಾನಿಗಿಂತ ಮೇಲಿದ್ದೀವಿ ಕಣೇ," ಅಂದ ಬಡಗಿ. ಅವನ ಮುಖದಲ್ಲಿ ನಗು ಇರಲಿಲ್ಲ. "ಕುರ್ಚಿ ಕಾಲು ಮುರಿದ್ರೆ ನಾನು ರಿಪೇರಿ ಮಾಡ್ತೀನಿ. ನನ್ನ ಕಾಲು ಮುರಿದ್ರೆ?"

ಅವಳ ಕಣ್ಣು ಪಟ್ಟಿಯ ಬುಡಕ್ಕೆ ಇಳಿದಿತ್ತು. ಪರಿಶೀಲಿಸಲಾಗಿದೆ ಅಂತ ಬರೆದು ಕೆಳಗೊಂದು ಸಹಿ. ಆ ಸಹಿ ಅವಳಿಗೆ ಗೊತ್ತಿತ್ತು. ಅವಳ ಇಸ್ತ್ರಿ ಮೇಜಿನ ಮೇಲೆ ಕೂತು, ಹಳೇ ಬಿಲ್ಲುಗಳ ಹಿಂದೆ, ಹುಡುಗಿ ಬರೆದು ಬರೆದು ರೂಢಿಸಿಕೊಂಡ ಸಹಿ.

ಅವಳು ಅಳಲಿಲ್ಲ. ಕೆಳಗೆ ಹೋಗಿ ಉಳಿದಿದ್ದ ಹೊದಿಕೆಗಳಿಗೆ ಇಸ್ತ್ರಿ ಹಾಕಿದಳು. ಮೂವತ್ತೆರಡು ಹೊದಿಕೆ. ಒಂದರಲ್ಲೂ ಸುಕ್ಕು ಉಳಿಸಲಿಲ್ಲ.

ಆ ವಾರವೇ ಮೇಲಿನ ಸಮಿತಿಯವರು ಬರುವವರಿದ್ದರು. ಅವರು ನೋಡಿ ಒಪ್ಪಿದರೆ ಐದು ಕೋರ್ಸಿಗೂ ಅನುಮತಿ. ಕೋಣೆಗೆ ಹೊಸ ಪರದೆ ಕಟ್ಟಿದರು. ಮೂರು ಜನ ದೊಡ್ಡವರು ಮುಂದಿನ ಸಾಲಿನಲ್ಲಿ ಕೂತರು. ಒಬ್ಬ ವಿದ್ಯಾರ್ಥಿನಿ ಡಾಕ್ಟರ ಬಿಳಿ ಕೋಟು ಹಾಕಿಕೊಂಡು ಮೇಜಿನ ಹಿಂದೆ ನಿಂತಳು. ಇವಳನ್ನು ಕರೆದು ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅವಳು ರೋಗಿ. ಹೊಟ್ಟೆನೋವು ಅನ್ನಬೇಕು, ಪುಸ್ತಕದಲ್ಲಿದ್ದ ಹಾಗೆ. ವಿದ್ಯಾರ್ಥಿನಿ ಎಷ್ಟು ದಿನದಿಂದ ಅಂತ ಕೇಳುತ್ತಾಳೆ. ಎರಡು ದಿನದಿಂದ ಅನ್ನಬೇಕು. ಅಷ್ಟೇ. ಹುಡುಗಿ ಪಕ್ಕದಲ್ಲಿ ನಿಂತು ಇವಳ ಕೈಮಾತನ್ನು ದೊಡ್ಡವರಿಗಾಗಿ ಬಾಯಲ್ಲಿ ಹೇಳುತ್ತಾಳೆ.

"ಏನಾಗ್ತಿದೆ ನಿಮಗೆ?" ಅಂತ ವಿದ್ಯಾರ್ಥಿನಿ ಕೈಯಲ್ಲಿ ಕೇಳಿದಳು.

ಅವಳು ಮುಷ್ಟಿ ಕಟ್ಟಿ ಹೊಟ್ಟೆಯ ಬಲಮಗ್ಗುಲಿಗೆ ಒತ್ತಿದಳು. ಆಮೇಲೆ ನಿಲ್ಲಿಸಲಿಲ್ಲ.

"ಇದು ನನ್ನ ಅಕ್ಕನ ನೋವು. ಅವಳನ್ನ ಹೀಗೇ ಹೊಟ್ಟೆ ಹಿಡ್ಕೊಂಡೇ ಆಸ್ಪತ್ರೆಗೆ ಸೇರಿಸಿದ್ವಿ. ಅಮ್ಮನ್ನೂ ನನ್ನನ್ನೂ ಹೊರಗೆ ನಿಲ್ಲಿಸಿದ್ರು. ಅಕ್ಕನ ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದ್ರು. ಅವಳು ಕೈ ಆಡಿಸಿ ಹೇಳ್ತಿದ್ಲು, ಇಲ್ಲಿ, ಇಲ್ಲಿ ಅಂತ. ನರ್ಸಮ್ಮ, ಸೂಜಿ ಕಿತ್ಕೋತಾಳೆ ಅಂದ್ಕೊಂಡ್ಲು. ಬ್ಯಾಂಡೇಜು ಬಟ್ಟೇಲಿ ಎರಡೂ ಕೈಯನ್ನ ಮಂಚದ ಸರಳಿಗೆ ಕಟ್ಟಿದ್ಲು. ಒಂದು ದಿನ, ಒಂದು ರಾತ್ರಿ. ಒಳಗೆ ಕರುಳು ಒಡೆದಿತ್ತು. ಕೈ ಕಟ್ಟಿದ್ರೆ ನಮ್ಮ ಬಾಯಿ ಹೊಲಿದ ಹಾಗೆ. ಬೆಳಿಗ್ಗೆ ನಾವು ಒಳಗೆ ಹೋದಾಗ ಅವಳ ಬೆರಳ ತುದಿ ಮಾತ್ರ ಇನ್ನೂ ಆಡ್ತಿತ್ತು. ಚೀಟಿ ಮೇಲೆ ಡಾಕ್ಟರು ಬರೆದಿದ್ರು, ರೋಗಿ ಏನೂ ಹೇಳಲಿಲ್ಲ ಅಂತ. ನಾನು ಇಲ್ಲಿಗೆ ಬಂದಿದ್ದು ಇದಕ್ಕೆ. ನೀವು ನನ್ನನ್ನ ಫ್ಯಾನಿನ ಪಕ್ಕ ಬರೆದ್ರಿ."

ಕೈಗಳು ಮಡಿಲಿಗೆ ಬಿದ್ದವು. ಅವಳು ಹುಡುಗಿಯ ಬಾಯಿ ನೋಡಿದಳು.

ಹುಡುಗಿಯ ಮುಖ ಬಿಳಿಚಿತ್ತು. ಈ ಕಥೆ ಅವಳಿಗೆ ಗೊತ್ತಿತ್ತು. ಮುಖ್ಯಸ್ಥರು ಅವಳನ್ನೇ ನೋಡುತ್ತಿದ್ದರು. ಹುಡುಗಿ ಕನ್ನಡಕ ಮೇಲೆ ತಳ್ಳಿದಳು. ತುಟಿ ಆಡಿದವು. ಅಷ್ಟು ದೊಡ್ಡ ಮಾತಿಗೆ ತುಟಿ ಆಡಿದ್ದು ಎರಡೇ ಸಲ. ಹೊಟ್ಟೆನೋವು. ಎರಡು ದಿನದಿಂದ.

ಮುಂದಿನ ಸಾಲಿನ ದೊಡ್ಡವರಲ್ಲಿ ಒಬ್ಬರು ಇವಳ ಒದ್ದೆ ಕಣ್ಣು ನೋಡಿ ಏನೋ ಅಂದರು. ಎರಡು ಸಲ ತುಟಿ ಕೂಡಿ ಬಿಟ್ಟವು. ಪಾಪ. ಆ ಒಂದು ಮಾತನ್ನು ಅವಳು ಯಾರ ತುಟಿಯ ಮೇಲಾದರೂ, ಎಷ್ಟು ದೂರದಿಂದಾದರೂ ಓದಬಲ್ಲಳು. ಹುಟ್ಟಿದಾಗಿನಿಂದ ಓದುತ್ತಿದ್ದಳು.

ಎದ್ದಳು. ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿದಳು. ಹೊರಗೆ ನಡೆದಳು. ಗೋಡೆ ಪಕ್ಕ ನಿಂತಿದ್ದ ಬಡಗಿಯೂ ಹಿಂದೆಯೇ ಬಂದ.

ಹುಡುಗಿ ಸಂಜೆ ಲಾಂಡ್ರಿಗೆ ಬಂದಳು. ಕಣ್ಣು ಊದಿದ್ದವು.

"ಅನುಮತಿ ಸಿಕ್ಕಿತು ಅಕ್ಕಾ. ಅಲ್ಲಿ ಅದನ್ನ ಹೇಳಿದ್ರೆ ಸಿಗ್ತಿರಲಿಲ್ಲ. ಸಿಕ್ಕಿದ್ರೆ ತಾನೇ ಆಸ್ಪತ್ರೆಗೆ ಜನ ತಯಾರಾಗೋದು? ಆ ಪಟ್ಟಿ ಕಚೇರಿಯವರು ತಯಾರು ಮಾಡಿದ್ದು. ನಾನು ಓದದೇನೇ ಸಹಿ ಹಾಕಿದೆ."

"ಓದಿದ್ರೆ?"

ಹುಡುಗಿ ಮೇಜಿನ ಮೇಲಿದ್ದ ಹೊದಿಕೆಯ ಅಂಚು ಮಡಿಸತೊಡಗಿದಳು.

"ನನ್ನ ಅಕ್ಕ ಎರಡು ಸಲ ಸತ್ಲು," ಅಂದಳು ಇವಳು. "ಮೊದಲನೇ ಸಲ ಯಾರಿಗೂ ಅವಳ ಮಾತು ತಿಳೀಲಿಲ್ಲ. ಇವತ್ತು ತಿಳಿದೋಳು ಇದ್ಲು. ನಾನೇ ಕಲಿಸಿದೋಳು. ಇನ್ನು ನಾನು ಮೇಲೆ ಬರಲ್ಲ."

"ಅಕ್ಕಾ..."

ಇವಳು ಇಸ್ತ್ರಿ ಹಿಡಿದುಕೊಂಡು ಬೆನ್ನು ತಿರುಗಿಸಿದಳು. ಕಿವುಡರು ಬೆನ್ನು ತಿರುಗಿಸಿದರೆ ಮಾತು ಮುಗಿದ ಹಾಗೆ. ಹುಡುಗಿ ಬಹಳ ಹೊತ್ತು ನಿಂತಿದ್ದಳು. ಅವಳ ನೆರಳು ಮೇಜಿನ ಮೇಲೆ ಬಿದ್ದಿತ್ತು. ಆ ನೆರಳಿನ ಮೇಲೇ ಇವಳು ಇಸ್ತ್ರಿ ಎಳೆದಳು. ಕಣ್ಣೀರು ಬಿದ್ದಲ್ಲೆಲ್ಲ ಬಟ್ಟೆ ಬಿಸಿಗೆ ಹಬೆಯಾಡಿತು.

ಮಾರನೇ ದಿನವೇ ಸೂಪರ್‌ವೈಸರ್ ಅವಳನ್ನು ಇಸ್ತ್ರಿ ಮೇಜಿನಿಂದ ತೆಗೆದು ಒಗೆಯುವ ತೊಟ್ಟಿಗೆ ಹಾಕಿದ. ಮೇಲಿನವರ ಮಾತು ಅಂತ ಬೆರಳನ್ನು ಮೇಲಕ್ಕೆ ತೋರಿಸಿದ. ಅಲ್ಲಿ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು. ಮೊಣಕೈವರೆಗೆ ಮುಳುಗಿಸಿ ತಿಕ್ಕಬೇಕು. ನಾಲ್ಕು ದಿನಕ್ಕೆ ಬೆರಳ ಸಂದು ಬಿರಿದವು. ಒಂದು ವಾರಕ್ಕೆ ರಕ್ತ ಜಿನುಗಿತು. ಗಂಡನ ಹತ್ತಿರ ಮಾತಾಡಲು ಕೈ ಬಿಚ್ಚಿದರೆ ಉರಿಯುತ್ತಿತ್ತು. ಬಡಗಿ ಅವಳ ಬೆರಳಿಗೆ ಎಣ್ಣೆ ಹಚ್ಚಿ, "ಮಾತಾಡ್ಬೇಡ, ನಾನೇ ಮಾತಾಡ್ತೀನಿ, ನೀನು ತಲೆ ಆಡಿಸು," ಅನ್ನುತ್ತಿದ್ದ. ಮದುವೆಯಾದ ಮೇಲೆ ಅವನಿಗೆ ಇಷ್ಟು ಮಾತಾಡುವ ಅವಕಾಶ ಸಿಕ್ಕಿದ್ದು ಇದೇ ಮೊದಲು ಅಂತ ಅವಳನ್ನು ನಗಿಸಲು ನೋಡುತ್ತಿದ್ದ. ಅವಳು ನಗುತ್ತಿದ್ದಳು. ನಕ್ಕರೆ ಅವನಿಗೆ ಸಮಾಧಾನ ಅಂತ.

ಹತ್ತನೇ ದಿನ ಅವಳು ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಒಣಹಾಕಲು ಅಂಗಳ ದಾಟುತ್ತಿದ್ದಳು. ಹೊಸ ವಿಭಾಗದ ಮುಂದೆ ಒಂದು ವ್ಯಾನು ಬಂದು ನಿಂತಿತು. ಒಂಬತ್ತು ಮಕ್ಕಳು ಇಳಿದರು. ಅವಳು ಓದಿದ ಶಾಲೆಯದೇ ಕಂದು ಸಮವಸ್ತ್ರ. ಆಯಾ ಅವರನ್ನು ಸಾಲಾಗಿ ನಿಲ್ಲಿಸಿ ಒಳಗೆ ಹೋದಳು. ಆಯಾ ಮರೆಯಾದದ್ದೇ ತಡ, ಮಕ್ಕಳ ಕೈಗಳು ಹಾರಾಡತೊಡಗಿದವು.

ಅವಳು ಬುಟ್ಟಿ ಇಳಿಸಿ, ಸಾಲಿನ ಮೊದಲಲ್ಲಿದ್ದ ಸಣ್ಣ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಏನಮ್ಮಾ, ಯಾಕೆ ಬಂದ್ರಿ?"

ದೊಡ್ಡವರೊಬ್ಬರು ಕೈಮಾತಾಡಿದ್ದು ನೋಡಿ ಮಗುವಿಗೆ ಹಿಗ್ಗೋ ಹಿಗ್ಗು. "ಇಲ್ಲಿ ದೊಡ್ಡೋರಿಗೆ ಪರೀಕ್ಷೆಯಂತೆ. ನಾವು ರೋಗಿ ಆಗ್ಬೇಕಂತೆ. ನಾನು ಜ್ವರ. ಇವನು ಮುರಿದ ಕಾಲು. ಅವಳು ಹೊಟ್ಟೆನೋವು. ಬಿಸ್ಕತ್ತು ಕೊಡ್ತಾರಂತೆ."

"ಕೈ ಆಡಿಸಿದ್ರೆ ಶಾಲೇಲಿ ಹೊಡೆಯಲ್ವಾ ಈಗ?"

"ಶಾಲೇಲಿ ಹೊಡೀತಾರೆ. ಇಲ್ಲಿ ಆಡಿಸಬೇಕಂತೆ."

ಅವಳು ಎದ್ದಳು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಬಿರಿದ ಎರಡು ಅಂಗೈಯನ್ನೂ ಎರಡು ಕಡೆಯ ಚೌಕಟ್ಟಿಗೆ ಒತ್ತಿ ಹಿಡಿದಳು. ಒಳಗಿಂದ ಬಂದ ಆಯಾ ನಿಂತಳು. ಬೋಧಕರು ಬಂದರು. ಮುಖ್ಯಸ್ಥರು ಬಂದರು. ಅವರ ಬಾಯಿ ದೊಡ್ಡದಾಗಿ ತೆರೆಯಿತು, ಮುಚ್ಚಿತು. ಹಿಂದಿನಿಂದ ಮಕ್ಕಳು ಬೆರಗಾಗಿ ನೋಡುತ್ತಿದ್ದರು. ಅವಳು ಅಲ್ಲಾಡಲಿಲ್ಲ.

ಇಬ್ಬರು ಕಾವಲುಗಾರರು ಓಡಿ ಬಂದು ಅವಳನ್ನು ಚೌಕಟ್ಟಿನಿಂದ ಕಿತ್ತರು. ಅವಳು ಹೇಳಲು ಕೈ ಎತ್ತಿದಳು. ಒಬ್ಬ ಎರಡೂ ಮಣಿಕಟ್ಟನ್ನು ಹಿಡಿದು ಬೆನ್ನ ಹಿಂದೆ ತಿರುಚಿದ. ಬೆರಳ ಗಾಯ ಬಿಚ್ಚಿಕೊಂಡಿತು. ಅವಳ ಗಂಟಲಿನಿಂದ ಏನೋ ಹೊರಟಿತು. ಅದು ಹೇಗಿತ್ತೋ ಅವಳಿಗೆ ಗೊತ್ತಿಲ್ಲ. ಎದುರಿಗಿದ್ದವರೆಲ್ಲ ಮುಖ ಸಿಂಡರಿಸಿದ್ದು ಮಾತ್ರ ಕಂಡಿತು.

ಆಗ ಜನರನ್ನು ತಳ್ಳಿಕೊಂಡು ಹುಡುಗಿ ಬಂದಳು. ಕನ್ನಡಕ ಓರೆಯಾಗಿತ್ತು. ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಕೂಗಿದಳು.

"ಕೈ ಬಿಡಿ! ಅವರು ಮಾತಾಡ್ತಿದಾರೆ!"

ಕಾವಲುಗಾರ ಗಲಿಬಿಲಿಗೊಂಡು ಬಿಟ್ಟ.

ಅವಳು ಮುಖ್ಯಸ್ಥರ ಎದುರಿಗೆ ನಿಂತು ಹೇಳಿದಳು. ರಕ್ತದ ಕೈಯಲ್ಲಿ, ಮೆಲ್ಲಗೆ, ಒಂದೊಂದೇ ಮಾತು. "ಈ ಮಕ್ಕಳು ಸಾಮಗ್ರಿ ಅಲ್ಲ. ನಾನೂ ಅಲ್ಲ. ನಿಮಗೆ ನಮ್ಮ ಭಾಷೆ ಬೇಕು, ನಾವು ಬೇಡ. ಕೈ ಬೇಕು, ಮುಖ ಬೇಡ. ಶಾಲೇಲಿ ಇವರ ಕೈಗೆ ಹೊಡೀತೀರಿ, ಇಲ್ಲಿ ಅದೇ ಕೈ ನೋಡಿ ಪಾಸಾಗ್ತೀರಿ. ಕುರ್ಚಿ ಕೊಟ್ಟು ಓದಿಸ್ತೀರಾ, ಒಳಗೆ ಕರೀರಿ. ಗೋಡೆ ಪಕ್ಕ ನಿಲ್ಲಿಸೋದಾದ್ರೆ ಒಂದು ಮಗೂನೂ ಒಳಗೆ ಬಿಡಲ್ಲ."

ಹುಡುಗಿ ಈ ಸಲ ಒಂದು ಮಾತನ್ನೂ ನುಂಗಲಿಲ್ಲ. ಅವಳ ತುಟಿ ಇವಳ ಕೈಯಷ್ಟೇ ಹೊತ್ತು ಆಡಿತು. ಆಡುತ್ತ ಆಡುತ್ತ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಮುಂದೆ ಆದದ್ದು ಇಷ್ಟು. ಅವತ್ತಿನ ಪರೀಕ್ಷೆ ನಿಂತಿತು. ಆ ವಾರದಲ್ಲೇ ಇವಳನ್ನೂ ಬಡಗಿಯನ್ನೂ ಕೆಲಸದಿಂದ ತೆಗೆದರು. ಹುಡುಗಿಯನ್ನು ಗ್ರಂಥಾಲಯದ ಕೆಲಸಕ್ಕೆ ದೂಡಿದರು. ಐದು ಕೋರ್ಸೂ ಶುರುವಾದವು. ಪೋಸ್ಟರು ಹಾಗೇ ಇತ್ತು. ಬಾಗಿಲ ಹಿಂದಿನ ಪಟ್ಟಿಯಲ್ಲಿ ಒಂದು ಸಾಲಿಗೆ ಮಸಿ ಬಳಿದರಂತೆ, ಅಷ್ಟೇ ಬದಲಾದದ್ದು. ಬೋಧಕರ ನಿಯಮ ಬದಲಾಗಲಿಲ್ಲ.

ಅದೆಲ್ಲ ಆಮೇಲಿನ ಮಾತು. ಅವತ್ತು ಆಯಾ ಮಕ್ಕಳನ್ನು ಗದರಿಸುತ್ತ ಮತ್ತೆ ವ್ಯಾನಿಗೆ ಹತ್ತಿಸಿದಳು. ಬಿಸ್ಕತ್ತು ಸಿಗಲಿಲ್ಲ ಅಂತ ಮುರಿದ ಕಾಲಿನ ಹುಡುಗ ಅಳುತ್ತಿದ್ದ. ಇವಳು ಅಂಗಳದಲ್ಲಿ ಸೆರಗಿಗೆ ಕೈ ಸುತ್ತಿಕೊಂಡು ನಿಂತಿದ್ದಳು. ಜ್ವರದ ಹುಡುಗಿ ಹಿಂದಿನ ಸೀಟಿಗೆ ಹೋಗಿ ಮಂಡಿಯೂರಿ, ಗಾಜಿನಾಚೆಯಿಂದ ಇವಳನ್ನು ಕರೆದಳು. ಆಯಾ ನೋಡದ ಹಾಗೆ, ಎದೆಯ ಹತ್ತಿರ, ಸಣ್ಣದಾಗಿ ಕೈ ಆಡಿಸಿದಳು.

"ದೊಡ್ಡವಳಾದ ಮೇಲೆ ನಾನು ಇಲ್ಲಿ ಓದಬಹುದಾ?"

ಅವಳು ಸೆರಗು ಬಿಚ್ಚಿ ಕೈ ಎತ್ತಿದಳು. ಹೂಂ ಅನ್ನುವುದಕ್ಕೆ ಒಂದು ಬೆರಳು ಸಾಕು. ಇಲ್ಲ ಅನ್ನುವುದಕ್ಕೂ ಅಷ್ಟೇ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ವ್ಯಾನು ಹೊರಟಿತು. ಮಗು ಗಾಜಿಗೆ ಹಣೆ ಒತ್ತಿಕೊಂಡು, ಗೇಟು ದಾಟುವವರೆಗೂ ಅವಳ ಕೈಗಳನ್ನೇ ನೋಡುತ್ತಿತ್ತು.